"ಇವನ್ನ ಧಾರವಾಡಕ್ಕ ಕಳಸ್ರಿ" ಅನ್ನೋ ಮಾತಿನ ಇತಿಹಾಸ

ಮೂರು ದಿನದಿಂದ ಮಳಿ ಹೊಳವಾಗೇತಿ. ಗೋವಿನಜೋಳಕ್ಕ ಎರಡನೇ ಸಲದ ಯೂರಿಯಾ ಹಾಕಿ ಮುಗಿಸಿದೆ, ಗದ್ದಿ ಬದುವಿನ ಹುಲ್ಲು ಕೊಯ್ಯೋದು ಅರ್ಧ ಆಗೇತಿ. ಲದ್ದಿ ಹುಳದ ಬಗ್ಗೆ ಬರೀತೀನಿ ಅಂದಿದ್ದೆ, ಅದನ್ನ ಮುಂದಿನ ವಾರಕ್ಕ ಇಟ್ಟೀನಿ. ಇವತ್ತಿಂದು ಬ್ಯಾರೆ ವಿಷಯ, ಸ್ವಲ್ಪ ಉದ್ದನೂ ಐತಿ. ಊಟ ಮಾಡಿ ಕುಂತು ಓದ್ರಿ.

ಮೊನ್ನೆ ಸಂಜೀಕ ಇಂದೂರದ ಚಾದಂಗಡಿ ಕಟ್ಟಿ ಮ್ಯಾಲೆ ಎಂದಿನಂಗ ಏಳೆಂಟು ಮಂದಿ ಕುಂತಿದ್ವಿ. ನಮ್ಮ ಕಟ್ಟಿ ಮಾತು ನಿಮಗ ಗೊತ್ತಿದ್ದದ್ದ. ಒಬ್ಬ ಅಡಿಕೆ ರೇಟು ಅಂತಾನ, ಇನ್ನೊಬ್ಬ ಮೊಣಕಾಲು ನೋವು ಅಂತಾನ, ಮತ್ತೊಬ್ಬ ಆನಿ ದಿನಕ್ಕ ಎಷ್ಟು ನೀರು ಕುಡಿತೈತಿ ಅಂತ ಕೇಳತಾನ. ನೂರು ಲೀಟರ್ ಮ್ಯಾಲೆ ಅಂದ್ರ ಯಾರೂ ನಂಬಂಗಿಲ್ಲ. ನಡುವ ಪೊಲೀಸ್ ಪರೀಕ್ಷೆಗೆ ಓದೋ ಹುಡುಗನೊಬ್ಬ ಪುಸ್ತಕ ಹಿಡದು ಎಲ್ಲಾರಿಗೂ ಪ್ರಶ್ನೆ ಹಾಕತಿದ್ದ. ಧಾರವಾಡ ಆಕಾಶವಾಣಿ ಯಾವಾಗ ಚಾಲೂ ಆತು? 1950. ಕೃಷಿ ವಿಶ್ವವಿದ್ಯಾಲಯ? 1986. ಅಲ್ಲಿ ಹುಚ್ಚಾಸ್ಪತ್ರಿ? ಯಾರಿಗೂ ಗೊತ್ತಿಲ್ಲ. "ಅದು ಇವನಿಗೆ ಗೊತ್ತಿರಬೇಕು ನೋಡು" ಅಂತ ಒಬ್ಬರು ಬಾಜೂಕ ಕುಂತವನ ಹೆಗಲಿಗೆ ಬಡಿದ್ರು. "ಹಂಗಾರ ಇವನ್ನ ಧಾರವಾಡಕ್ಕ ಕಳಸ್ರಿ" ಅಂತ ಇನ್ನೊಬ್ಬ ಅಂದ. ಎಲ್ಲಾರೂ ನಕ್ಕರು. ನಾನೂ ನಕ್ಕೆ.

ನಗೋ ಹೊತ್ತಿನ್ಯಾಗ ನನ್ನ ಅಂಗಿ ಕಿಸೇದಾಗ ಗುಳಿಗಿ ಚೀಟಿ ಇತ್ತು. ನಿದ್ದಿ ಬರಲಾರದ್ದಕ್ಕ, ಮನಸ್ಸು ಕುಸದಿದ್ದಕ್ಕ ಒಂದೂವರಿ ವರ್ಷದಿಂದ ತಗೊಳ್ಳೋ ಗುಳಿಗಿ. ಮನಿಯಾಕಿ ಬಿಟ್ರ ಇಲ್ಲೀತನ ಯಾರಿಗೂ ಹೇಳಿರಲಿಲ್ಲ. ಇವತ್ತ ನಿಮ್ಮೆಲ್ಲರಿಗೂ ಹೇಳಿದಂಗ ಆತು. ಆ ನಗಿ ಎಲ್ಲಿಂದ ಬಂತು ಅಂತ ಹುಡುಕಿ ಓದಾಕ ಹತ್ತಿದೆ. ಓದಿದ್ದನ್ನ ಬರೀತೀನಿ.

ಹುಡುಗನ ಪ್ರಶ್ನೆಗೆ ಉತ್ತರ 1845. ಆಕಾಶವಾಣಿಗಿಂತ ನೂರೈದು ವರ್ಷ ಹಳೇದು. ಕರ್ನಾಟಕ ಕಾಲೇಜು, ಕೃಷಿ ಕಾಲೇಜು, ನಾವು ಸಂತಿಗೆ ಹೋದಾಗ ತರೋ ಲೈನ್ ಬಜಾರದ ಪೇಡೆ, ಇವೆಲ್ಲ ಬಂದಿದ್ದು ಆಮೇಲೆ. ಆಗ ಮುಂಬೈ ಇಲಾಖೆಯ ಬ್ರಿಟಿಷರು ಕೊಲಾಬಾ, ಪುಣೆ, ಅಹಮದಾಬಾದ್, ಧಾರವಾಡ ಹಿಂಗ ಕೆಲವು ಊರಾಗ "ಲುನಾಟಿಕ್ ಅಸೈಲಮ್" ಇಟ್ಟಿದ್ದರು. ಅಸೈಲಮ್ ಅಂದ್ರ ಆಶ್ರಯ. ಹೆಸರು ಚಂದ ಐತಿ.

ಒಂದು ವಿಶೇಷ ನೋಡ್ರಿ. 1845ರಾಗ ನಮ್ಮ ಸೀಮೆ ಮುಂಬೈ ಇಲಾಖೆಯೊಳಗ ಇರಲೇ ಇಲ್ಲ. ಕೆನರಾ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಧಾರವಾಡ ಎತ್ತಿನ ಗಾಡಿಯಾಗ ಹೋಗೋ ದೂರ, ಸರಕಾರ ಮಾತ್ರ ಬ್ಯಾರೆ. 1862ರಾಗ ಉತ್ತರ ಕನ್ನಡವನ್ನ ಮುಂಬೈಗೆ ಸೇರಿಸಿದರು. ಅಲ್ಲಿಂದ ನಮ್ಮ ಮಂದಿಗೂ ಧಾರವಾಡದ ಆ ಕಂಪೌಂಡು ಸಂಬಂಧ ಆತು.

ಆ ಕಂಪೌಂಡಿನೊಳಗ ಹೋಗೋ ದಾರಿ ಹೆಂಗಿತ್ತು ಅನ್ನೋದರಾಗ ಪೂರಾ ಕಥಿ ಐತಿ. 1858ರಾಗ, ಅಂದ್ರ ಸಿಪಾಯಿ ದಂಗೆಯ ಮರುವರ್ಷ, ಬ್ರಿಟಿಷರು ಒಂದು ಕಾಯಿದೆ ಮಾಡಿದರು. ಊರಾಗ ತಿರುಗಾಡೋ ಹುಚ್ಚರನ್ನ, ಅಪಾಯ ಅನ್ನಿಸಿದವರನ್ನ ಪೊಲೀಸರು ಹಿಡದು ಮ್ಯಾಜಿಸ್ಟ್ರೇಟರ ಮುಂದ ನಿಲ್ಲಿಸಬೇಕು. ಡಾಕ್ಟರು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡಬೇಕು, ಮ್ಯಾಜಿಸ್ಟ್ರೇಟರು ಹುಕುಂ ಬರೀಬೇಕು, ಆಮೇಲೆ ಗೇಟು ತೆಗೀತಿತ್ತು. 1912ರಾಗ ಇದನ್ನ ತಿದ್ದಿ ಇನ್ನೊಂದು ಕಾಯಿದೆ ತಂದರು, ದಾರಿ ಅದೇ. ಅಂಥಾ ಅಸೈಲಮ್‌ಗಳನ್ನ ನೋಡಿಕೊಳ್ಳಾಕ ಭೇಟಿದಾರರು ಅಂತ ಕೆಲವರನ್ನ ನೇಮಿಸತಿದ್ದರು. ಅವರೊಳಗ ಪದನಿಮಿತ್ತವಾಗಿ ಒಬ್ಬ ಅಧಿಕಾರಿ ಇರತಿದ್ದ. ಯಾರು ಅಂತೀರಿ? ಜೈಲುಗಳ ಇನ್ಸ್‌ಪೆಕ್ಟರ್ ಜನರಲ್. ಇದನ್ನ ಓದಿದಾಗ ನನಗ ಅರ್ಧ ಉತ್ತರ ಸಿಕ್ಕಂಗ ಆತು. ಜ್ವರ ಬಂದವನನ್ನ ನೋಡಾಕ ಜೈಲಿನ ಸಾಹೇಬ ಬರಂಗಿಲ್ಲ.

ತಾನಾಗಿ "ನನಗ ಆರಾಮಿಲ್ಲ, ಸೇರಿಸ್ಕೊಳ್ರಿ" ಅನ್ನೋರಿಗೆ 1912ರ ಕಾಯಿದೆಯಾಗ ಒಂದು ಸಣ್ಣ ಕಿಂಡಿ ಇತ್ತು. ಆದರ ಅದಕ್ಕೂ ಇಬ್ಬರು ಭೇಟಿದಾರರು ಒಪ್ಪಬೇಕು. ಈಗ ಸೊಸೈಟಿ ಸಾಲಕ್ಕ ಇಬ್ಬರು ಜಾಮೀನು ಕೇಳಿದಂಗ. ನಮ್ಮ ಹಳ್ಳಿ ಒಕ್ಕಲಿಗ ಯಾರು ಹೋಗಿ ಕೇಳತಾನ?

ಹಿಂಗಾಗಿ ಹಳ್ಳಿ ಮಂದಿ ಕಣ್ಣಿಗೆ ಬಿದ್ದಿದ್ದು ಒಂದೇ ನೋಟ. ಕೈ ಕಟ್ಟಿಸಿಕೊಂಡ ಒಬ್ಬ ಮನಷ್ಯಾ, ಜೊತಿಗೆ ಪೊಲೀಸ. ನಮ್ಮ ಅಜ್ಜಿ ಸಣ್ಣಾಕಿ ಇದ್ದಾಗ ಅಂಥಾದ್ದೊಂದು ಗಾಡಿ ಹೋಗಿದ್ದನ್ನ ನೋಡಿದ್ದಳಂತ. ಹುಡುಗರು ಗಾಡಿ ಹಿಂದ ಓಡಿದರು, ದೊಡ್ಡವರು ಬಾಗಲಾ ಹಾಕಿಕೊಂಡರು ಅಂತ ಹೇಳತಿದ್ದಳು. ಹೋದವನು ತಿರುಗಿ ಬಂದನಾ ಅಂತ ಕೇಳಿದರ ಸುಮ್ಮನಾಗತಿದ್ದಳು. ಒಳಗ ಏನು ಉಪಚಾರ ಆಗತೈತಿ ಅಂತ ಊರಿಗೆ ಗೊತ್ತಿಲ್ಲ, ಗೇಟು ಮಾತ್ರ ಗೊತ್ತು. ಗೇಟಿನ ಹೆದರಿಕಿ ಮುಚ್ಚಾಕ ಮಂದಿ ನಗಿ ಹುಟ್ಟಿಸಿದರು. "ಧಾರವಾಡಕ್ಕ ಕಳಸ್ರಿ" ಅನ್ನೋದು ಅಲ್ಲಿಂದ ಬಂದಿದ್ದು ಅಂತ ನನ್ನ ಲೆಕ್ಕ. ಬೆಂಗಳೂರ ಕಡೆಯವರು ಇದೇ ಮಾತಿಗೆ ನಿಮ್ಹಾನ್ಸ್ ಅಂತಾರ. ಅದೂ ಸಣ್ಣ ಅಸೈಲಮ್ ಆಗಿ ಹುಟ್ಟಿ, 1925ರಾಗ ಮೈಸೂರು ಸರಕಾರದ ಮಾನಸಿಕ ಆಸ್ಪತ್ರೆ ಆಗಿ, 1974ರಾಗ ನಿಮ್ಹಾನ್ಸ್ ಆಗಿದ್ದು.

1920ರ ಸುಮಾರಿಗೆ ಇಂಗ್ಲಿಷ್ ಸರಕಾರ ಎಲ್ಲಾ ಅಸೈಲಮ್‌ಗಳ ಬೋರ್ಡು ಬದಲು ಮಾಡಿ "ಮಾನಸಿಕ ಆಸ್ಪತ್ರೆ" ಅಂತ ಬರೆಸಿತು. ಧಾರವಾಡದ್ದೂ ಬದಲಾತು. 1956ರಾಗ ಏಕೀಕರಣ ಆಗಿ ಅದು ಮುಂಬೈ ಬಿಟ್ಟು ನಮ್ಮ ರಾಜ್ಯಕ್ಕ ಬಂತು. ಈಗ ಅದರ ಹೆಸರು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಡಿಮ್ಹಾನ್ಸ್. ಡಾಕ್ಟರಾದವರು ಅಲ್ಲಿ ಮುಂದಿನದ್ದು ಕಲಿಯಾಕ ಬರತಾರ. ಬೋರ್ಡು ಮೂರು ಸಲ ಬದಲಾದರೂ ನಮ್ಮ ಕಟ್ಟಿ ಮ್ಯಾಲಿನ ಹೆಸರು ಒಂದೇ ಉಳಿದೈತಿ.

ಸ್ವಾತಂತ್ರ್ಯ ಬರೋ ಹೊತ್ತಿಗೆ ಇಡೀ ದೇಶದಾಗ ಮನಸ್ಸಿನ ರೋಗಿಗಳಿಗೆ ಇದ್ದ ಹಾಸಿಗೆ ಸುಮಾರು 10 ಸಾವಿರ ಅಂತ 1946ರ ಭೋರ್ ಸಮಿತಿ ಲೆಕ್ಕ ಕೊಟ್ಟಿತ್ತು. ನಮ್ಮ ತಾಲೂಕಿನಂಥಾ ಊರಿಗೆ ಪಾಲು ಹಾಕಿದರ ಒಂದೂ ಬರಂಗಿಲ್ಲ. ಹಂಗಾರ ಉಳಿದವರು ಎಲ್ಲಿ ಹೋಗತಿದ್ದರು? ದೇವರ ಗುಡಿಗೆ, ಮೈಮ್ಯಾಲೆ ಬರೋರ ಹತ್ರ, ತಾಯತ ಕಟ್ಟೋರ ಹತ್ರ. ಇದನ್ನ ನೋಡಿ ನಗಬಾರದು. ನಮ್ಮ ಜಿಲ್ಲೆಯ ಕೆಳಗ, ಕರಾವಳಿಯ ಕೋಟ ಅನ್ನೋ ಊರಾಗ ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅನ್ನೋ ಇಬ್ಬರು ಮನೋವೈದ್ಯರು ಮನೆ ಮನೆಗೆ ಹೋಗಿ ಕೇಳಿ, 1976ರಾಗ ಒಂದು ದೊಡ್ಡ ಪುಸ್ತಕ ಮಾಡಿದರು. ಅಲ್ಲಿಯ ಮಂದಿ ಮನಸ್ಸಿನ ತ್ರಾಸಿಗೆ ನಾಟಿ ವೈದ್ಯರು, ಮಂತ್ರವಾದಿ, ಪಾತ್ರಿ ಈ ಮೂರೂ ಕಡೆ ಹೋಗತಿದ್ದರು, ಹಂಗಂತ ಇಂಗ್ಲಿಷ್ ಔಷಧಿ ಡಾಕ್ಟರನ್ನೂ ಬಿಟ್ಟಿರಲಿಲ್ಲ. ಯಾಕ ಅಂತ ನನಗ ಅನುಭವದಿಂದ ಗೊತ್ತು. ಪಾತ್ರಿ ಮೊದಲು ಕೇಳೋದು "ಏನಾತಪಾ, ಕುಂಡರು" ಅಂತ. ಮನಿಯವರೆಲ್ಲ ಸುತ್ತ ಇರತಾರ. ಗೇಟಿಲ್ಲ.

ಗೇಟು ತಗದು ನೋಡಿದವರು ಡಾಕ್ಟರರೊಳಗೂ ಇದ್ದರು. 1950ರ ದಶಕದಾಗ ಅಮೃತಸರದ ಆಸ್ಪತ್ರೆಯಾಗ ಡಾ. ವಿದ್ಯಾ ಸಾಗರ್ ಅನ್ನೋರು ಕಂಪೌಂಡಿನೊಳಗ ಗುಡಾರ ಹಾಕಿಸಿ, ರೋಗಿ ಜೊತಿಗೆ ಅವರ ಮನಿಯವರನ್ನೂ ಇರಿಸಿಕೊಂಡರು. ಬಾಣಂತನಕ್ಕ ತವರವರು ಬಂದು ಉಳಕೊಂಡಂಗ. ಮನಿಯವರು ಕಣ್ಣಿಂದ ನೋಡಿ ಕಲಿತು, ಆರಾಮಾದವನನ್ನ ವಾಪಸು ಕರಕೊಂಡು ಹೋಗತಿದ್ದರು. 1952ರಾಗ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಾಜಿನ್ ಅನ್ನೋ ಮಾತ್ರೆಯನ್ನ ಮನಸ್ಸಿನ ಜಡ್ಡಿಗೆ ಕೊಡಾಕ ಚಾಲೂ ಮಾಡಿದ್ದರು. ಹತ್ತಾರು ವರ್ಷ ಒಳಗ ಇರಬೇಕಾದವರು ಮನ್ಯಾಗ ಇದ್ದು ಗುಳಿಗಿ ತಗೊಂಡು ಹೊಲಕ್ಕ ಹೋಗಬಹುದು ಅಂತ ಅದರಿಂದ ಗೊತ್ತಾತು.

ಈಗ ನಮ್ಮ ರಾಜ್ಯದವರು ಎದಿ ಉಬ್ಬಿಸಬೇಕಾದ ಸಂಗತಿ. ಕಟ್ಟಿ ಮ್ಯಾಲೆ ಪ್ರಶ್ನೆ ಕೇಳೋ ಹುಡುಗರು ಇದನ್ನ ಬರಕೊಳ್ರಿ. ನಿಮ್ಹಾನ್ಸಿನವರು 1976ರ ಹೊತ್ತಿಗೆ ಆನೇಕಲ್ ಕಡೆಯ ಸಕಲವಾರ ಅನ್ನೋ ಹಳ್ಳಿಯಾಗ ಕುಂತು, ಸಾದಾ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ನರ್ಸಮ್ಮ, ಮನೆ ಮನೆಗೆ ಹೋಗೋ ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ರೋಗ ಗುರುತಿಸೋದನ್ನ ಕಲಿಸಬಹುದಾ ಅಂತ ನೋಡಿದರು. ಕಲಿಸಬಹುದು ಅಂತ ಆತು. 1982ರಾಗ ದೇಶಕ್ಕ ಒಂದು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಕಾಗದದ ಮ್ಯಾಲೆ ಬಂತು, ಅದನ್ನ ಇಡೀ ಒಂದು ಜಿಲ್ಲೆಯಾಗ ಮಾಡಿ ತೋರಿಸಬೇಕಲ್ಲ? 1985ರಾಗ ಬಳ್ಳಾರಿ ಜಿಲ್ಲೆಯಾಗ ಮಾಡಿದರು. ಆಗ ಅಲ್ಲಿ ಸುಮಾರು 15 ಲಕ್ಷ ಮಂದಿ. ಬಿಸಿಲು ನಾಡು, ಜೋಳ ಹತ್ತಿ ಬೆಳೆಯೋರು, ನಮ್ಮಂಥೋರೆ. ಆರೋಗ್ಯ ಕಾರ್ಯಕರ್ತರು ಪೋಲಿಯೋ, ಮಲೇರಿಯಾ ಕೇಳೋ ಹಂಗ ಮನೆಗೆ ಹೋದಾಗ ಇನ್ನೂ ನಾಕು ಮಾತು ಕೇಳಬೇಕು. ಮನ್ಯಾಗ ಯಾರರೆ ನಿದ್ದಿ ಮಾಡಂಗಿಲ್ಲೇನು, ಒಬ್ಬರ ಮಾತಾಡಿಕೊಳ್ಳತಾರೇನು, ಕೆಲಸ ಬಿಟ್ಟು ಸುಮ್ಮನ ಕುಂತಾರೇನು, ಮೂರ್ಛೆ ಬರತೈತೇನು. ಇದ್ದರ ಹತ್ರದ ಆರೋಗ್ಯ ಕೇಂದ್ರದಾಗ ಡಾಕ್ಟರು ನೋಡಿ ಅಲ್ಲೇ ಗುಳಿಗಿ ಕೊಡಬೇಕು. ಬಹಳ ಬಿಗಿ ಆದವರನ್ನ ಮಾತ್ರ ಜಿಲ್ಲಾ ಆಸ್ಪತ್ರೆಗೆ ಕಳಸೋದು.

ಅಷ್ಟ. ಪೊಲೀಸ ಇಲ್ಲ, ಮ್ಯಾಜಿಸ್ಟ್ರೇಟ ಇಲ್ಲ. 1845ರಿಂದ 1985, ನೂರಾ ನಲವತ್ತು ವರ್ಷಕ್ಕ ಆ ಗೇಟು ಸರಿದು ಊರ ಆರೋಗ್ಯ ಕೇಂದ್ರದ ಬಾಗಲಾ ಆತು. "ಬಳ್ಳಾರಿ ಮಾದರಿ" ಅಂತ ಅದಕ್ಕ ಹೆಸರು ಬಿತ್ತು. 1996ರಾಗ ಕೇಂದ್ರ ಸರಕಾರ ಅದನ್ನೇ ಹಿಡದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಮೊದಲು ನಾಕು ಜಿಲ್ಲೆಯಾಗ, ಆಮೇಲೆ ಹೆಚ್ಚಿಸಿಕೋತ ಹೋತು. ಬಳ್ಳಾರಿ ಅಂದ್ರ ಗಣಿ, ಧೂಳು ಅಂತ ಎಲ್ಲಾರಿಗೂ ಗೊತ್ತು. ಇದು ಯಾರ ಬಾಯಾಗೂ ಇಲ್ಲ.

ಸರಕಾರಿ ದಾರಿ ಹಿಂಗ ಹತ್ರ ಬರೋ ಕಾಲಕ್ಕೇ ನಮ್ಮ ಮನಸ್ಸು ದೂರ ಹೋಗೋ ಹಂಗ ಇನ್ನೊಂದು ಘಟನೆ ಆತು. 2000ದ ಆಚೀಚೆ ಬರಗಾಲ, ಸಾಲ, ಕಳಪೆ ಬೀಜ ಅಂತ ರೈತರು ಜೀವ ಕಳಕೊಳ್ಳೋ ಸುದ್ದಿ ದಿನಾ ಪೇಪರಿನ್ಯಾಗ ಬರತಿತ್ತು. ಸರಕಾರ ಡಾ. ಜಿ. ಕೆ. ವೀರೇಶ್ ಅವರ ಸಮಿತಿ ಮಾಡಿತು. 2002ರಾಗ ವರದಿ ಬಂತು. ಸಾಲಕ್ಕಿಂತ ಕುಡಿತ, ಮನೆ ಜಗಳ ಇಂಥವೇ ಹೆಚ್ಚು ಕಾರಣ ಅನ್ನೋ ಅರ್ಥ ಅದರಾಗ ಇತ್ತು. ರೈತ ಸಂಘಟನೆಗಳಿಗೆ ಸಿಟ್ಟು ಬಂತು. ನನಗೂ ಬಂದಿತ್ತು. ಯಾಕಂದ್ರ ಆಗ "ಮಾನಸಿಕ" ಅನ್ನೋ ಶಬ್ದ ನಮ್ಮ ಕಿವಿಗೆ ಬಿದ್ದಿದ್ದು ಔಷಧಿ ಕೊಡೋ ಶಬ್ದ ಆಗಿ ಅಲ್ಲ, ಪರಿಹಾರ ತಪ್ಪಿಸೋ ಶಬ್ದ ಆಗಿ. ಮನಸ್ಸು ಸರಿ ಇರಲಿಲ್ಲ ಅಂದ್ರ ಸಾಲದ್ದು ಲೆಕ್ಕಕ್ಕಿಲ್ಲ ಅನ್ನೋ ಹಂಗ. ಅವತ್ತಿಂದ ನಮ್ಮ ಮಂದಿ "ನಮಗ ತಲಿ ಕೆಟ್ಟಿಲ್ಲ, ರೇಟು ಕೆಟ್ಟೈತಿ" ಅಂತ ಹೇಳಾಕ ಕಲಿತರು. ಅದು ಖರೇನೂ ಹೌದು. ಆದರ ರೇಟು ಕೆಟ್ಟರ ನಿದ್ದಿನೂ ಕೆಡತೈತಿ ಅನ್ನೋದೂ ಅಷ್ಟ ಖರೆ. ಬೆಳೆಗೆ ನೀರು ಕಡಿಮಿ ಆದಾಗಲೇ ರೋಗ ಬೀಳತೈತಿ. ನೀರಿಲ್ಲದ್ದಕ್ಕ ಒಣಗಿತೋ ರೋಗಕ್ಕ ಒಣಗಿತೋ ಅಂತ ಬದುವಿನ ಮ್ಯಾಲೆ ನಿಂತು ವಾದ ಮಾಡಿದರ ಗಿಡ ಉಳಿಯಂಗಿಲ್ಲ, ನೀರೂ ಬಿಡಬೇಕು, ಔಷಧಿನೂ ಹೊಡೀಬೇಕು.

ಈ ವಾದ ನನ್ನ ಮನ್ಯಾಗೇ ನಡೀತು. ಒಂದು ವರ್ಷ ಒಂದೆಕರೆ ಶುಂಠಿ ಹಾಕಿದ್ದೆ. ಅರ್ಧಕ್ಕ ಕೊಳೆ ಬಂತು, ಉಳಿದ ಅರ್ಧ ಕೀಳೋ ಹೊತ್ತಿಗೆ ರೇಟು ಕೆಳಗ ಬಿತ್ತು. ಸಾಲ ಎಷ್ಟು ಅಂತ ಬರಿಯಂಗಿಲ್ಲ, ನಿಮ್ಮದೂ ಅಷ್ಟ ಇರತೈತಿ. ರಾತ್ರಿ ಎರಡಕ್ಕ ಎಚ್ಚರ ಆಗಿ ಬೆಳಗಿನ ತನಕ ಮಾಳಿಗಿ ನೋಡತಿದ್ದೆ. ಎತ್ತಿಗೆ ನೀರು ಕುಡಿಸಿದ್ದು ನೆನಪಿರತಿರಲಿಲ್ಲ. ಇದ್ದು ಏನು ಮಾಡೋದು ಅನ್ನೋ ವಿಚಾರನೂ ಬರಾಕ ಹತ್ತಿತ್ತು. ದಿನಾ ಸಂಜೀಕ ಕಟ್ಟಿಗೆ ಬರತಿದ್ದೆ. ಬಂದು ಎಲ್ಲಾರಗಿಂತ ಹೆಚ್ಚು ನಗಸತಿದ್ದೆ. "ಸಾಕಾಗೇತಪಾ ಈ ಜನ್ಮ" ಅಂತ ಮೂರ್ನಾಕು ಸಲ ಅಂದೀನಿ ಸೈತ. ಅದು ಕಟ್ಟಿ ಮಾತಿನಂಗ ಕೇಳಸ್ತು. ಯಾರ ತಪ್ಪೂ ಅಲ್ಲ, ನಾವೆಲ್ಲ ದಿನಾ ಹಂಗ ಮಾತಾಡತೀವಿ.

ಕೇಳಿಸಿಕೊಂಡಾಕಿ ನಮ್ಮ ಆಶಾ ಕಾರ್ಯಕರ್ತೆ. ಮನಿಯಾಕಿಯ ಬಿ.ಪಿ. ಗುಳಿಗಿ ವಿಚಾರಿಸಾಕ ಬಂದಾಕಿ ನನ್ನ ಮುಖ ನೋಡಿ, "ಅಣ್ಣಾರ, ನಿದ್ದಿ ಹೆಂಗ ಆಗತೈತಿ?" ಅಂದಳು. ಬಳ್ಳಾರಿಯಾಗ 1985ರಾಗ ಕೇಳಿದಂಥಾ ಪ್ರಶ್ನೆ ಅದು ಅಂತ ನನಗ ಆಗ ಗೊತ್ತಿರಲಿಲ್ಲ. ಎರಡು ಸಲ ಚಲೋ ಐತಿ ಅಂದೆ. ಮೂರನೇ ಸಲ ಬಂದಾಗ ಅಳು ಬಂತು. ಆದರೂ ಆಸ್ಪತ್ರೆಗೆ ಹೋಗಾಕ ನಾಕು ತಿಂಗಳ ತಡಾ ಮಾಡಿದೆ. ಮೊದಲು ಬ್ಯಾರೆ ಒಂದು ದವಾಖಾನಿಗೆ ಹೋಗಿದ್ದೆ, ಅಲ್ಲಿ ಗ್ಯಾಸ್ಟ್ರಿಕ್ ಅಂತ ಹೇಳಿ ಗುಳಿಗಿ ಕೊಟ್ಟು ಕಳಸಿದರು. ಅದು ದೊಡ್ಡ ಕಾರಣ ಅಲ್ಲ ಬಿಡ್ರಿ. ಖರೆ ಕಾರಣ ಆ ಒಂದು ಮಾತು. ನಾನು ಹೋಗಿದ್ದು ಗೊತ್ತಾದರ ಮಗಳ ಸಂಬಂಧ ನೋಡಾಕ ಬಂದವರು ಏನಂತಾರ, ಕಟ್ಟಿ ಮ್ಯಾಲೆ ಏನಂತಾರ. ಕೊನಿಗೆ ಹುಬ್ಬಳ್ಳಿಗೆ ಬೀಜ ತರಾಕ ಹೊಂಟೀನಿ ಅಂತ ಸುಳ್ಳು ಹೇಳಿ ಹೋದೆ. ಯಾರೂ ಗೇಟು ಹಾಕಲಿಲ್ಲ. ಇಪ್ಪತ್ತು ನಿಮಿಷ ಮಾತು ಕೇಳಿದರು, ಚೀಟಿ ಬರದರು, ಎರಡು ವಾರಕ್ಕ ಗುಣ ಕಾಣತೈತಿ, ನಡುವ ಬಿಡಬ್ಯಾಡ್ರಿ ಅಂದರು. ಮೂರನೇ ವಾರಕ್ಕ ರಾತ್ರಿ ಪೂರಾ ನಿದ್ದಿ ಬಂತು. ಸಾಲ ಹಂಗ ಇತ್ತು. ಆದರ ಸೊಸೈಟಿಗೆ ಹೋಗಿ ಕಂತು ಮಾಡಿಕೊಡ್ರಿ ಅಂತ ಕೇಳೋ ಧೈರ್ಯ ಬಂತು.

ಹಳೇ ಗೇಟಿನ ಕಾಯಿದೆ ಏನಾತು ಅಂತ ಹೇಳಿಬಿಡತೀನಿ. 1912ರದ್ದು ಬಾಳ ವರ್ಷ ನಡೀತು. 1987ರಾಗ ಹೊಸದು ಮಾಡಿದರೂ ಜಾರಿಗೆ ಬಂದಿದ್ದು 1993ಕ್ಕ. 2001ರ ಆಗಸ್ಟ್‌ನಾಗ ತಮಿಳುನಾಡಿನ ಎರವಾಡಿಯಲ್ಲಿ ಸರಪಳಿ ಹಾಕಿ ಕಟ್ಟಿದ್ದ 28 ರೋಗಿಗಳು ಬೆಂಕಿಯಾಗ ಸತ್ತರು, ಓಡಿ ಹೋಗಾಕ ಆಗಲಿಲ್ಲ. ಆಗ ದೇಶಕ್ಕ ಎಚ್ಚರ ಆತು. 2017ರ ಕಾಯಿದೆಯಾಗ ಯಾವ ರೋಗಿಗೂ ಸರಪಳಿ ಹಾಕಬಾರದು ಅಂತ ಸಾಫ್ ಬರದಾರ. ಜೀವ ತಗೊಳ್ಳಾಕ ಹೋಗಿ ಉಳಿದವನು ಬಹಳ ಒತ್ತಡದಾಗ ಇದ್ದ ಅಂತ ತಿಳೀಬೇಕು, ಶಿಕ್ಷೆ ಕೊಡಬಾರದು, ಸರಕಾರ ಅವನಿಗೆ ಉಪಚಾರ ಕೊಡಬೇಕು ಅಂತಾನೂ ಅದರಾಗ ಐತಿ. ಪೊಲೀಸ್ ಕೇಸ್ ಆಗತೈತಿ ಅಂತ ಹೆದರಿ ಆಸ್ಪತ್ರೆಗೆ ಒಯ್ಯದ ಮನಿಗಳು ಇದ್ದಾವು, ಅದಕ್ಕ ಇದನ್ನ ಎರಡು ಸಲ ಓದ್ರಿ. ವಿಮೆ ಕಂಪನಿಯವರು ಮೈ ರೋಗಕ್ಕ ಕೊಟ್ಟಂಗ ಮನಸ್ಸಿನ ರೋಗಕ್ಕೂ ಕೊಡಬೇಕು ಅಂತಾನೂ ಐತಿ.

ನಿಮ್ಹಾನ್ಸಿನವರು 2015-16ರಾಗ 12 ರಾಜ್ಯದಾಗ ಸರ್ವೆ ಮಾಡಿದರು, ನಮ್ಮ ರಾಜ್ಯ ಅದರಾಗ ಇರಲಿಲ್ಲ. ದೊಡ್ಡವರೊಳಗ ನೂರಕ್ಕ ಹತ್ತು ಮಂದಿಗಿಂತ ಸ್ವಲ್ಪ ಹೆಚ್ಚಿಗಿ ಯಾವುದರೆ ಮನಸ್ಸಿನ ತ್ರಾಸು ಇತ್ತು, ಅವರೊಳಗ ಬಹಳಷ್ಟು ಮಂದಿ ಉಪಚಾರಕ್ಕ ಹೋಗಿರಲಿಲ್ಲ. ನಮ್ಮ ಕಟ್ಟಿ ಮ್ಯಾಲೆ ದಿನಾ ಎಂಟು ಹತ್ತು ಮಂದಿ. ಒಬ್ಬ ನಾನು ಆದೆ.

ತಾಲೂಕಾ ಆಸ್ಪತ್ರೆಗಳಿಗೆ ಗೊತ್ತು ಮಾಡಿದ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥೆ ನಮ್ಮ ರಾಜ್ಯದಾಗ ಐತಿ, ಮನೋಚೈತನ್ಯ ಅಂತ ಹೆಸರು. ಯಾವ ಮಂಗಳವಾರ ಅಂತ ಆಶಾ ಅವರನ್ನ ಕೇಳಿಕೊಂಡು ಹೋಗ್ರಿ. ರಾತ್ರಿ ಹೊತ್ತು ಬಹಳ ತ್ರಾಸಾದರ 14416ಕ್ಕ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಿಂದ ನಡದೈತಿ. ದುಡ್ಡಿಲ್ಲ, ಕನ್ನಡದಾಗ ಮಾತಾಡತಾರ, 24 ತಾಸೂ ಇರತಾರ. ರಾತ್ರಿ ಎರಡಕ್ಕ ಮಾಳಿಗಿ ನೋಡೋರಿಗೆ ಅದು ಬೇಕು.

ಕಟ್ಟಿ ಮ್ಯಾಲೆ ನಗೋದು ಬಿಡ್ರಿ ಅಂತ ನಾ ಹೇಳಂಗಿಲ್ಲ, ಆ ನಗಿ ಇಲ್ಲದಿದ್ದರ ಆ ನಾಕು ತಿಂಗಳ ನಾನು ದಾಟತಿರಲಿಲ್ಲ. ಆ ಪೊಲೀಸ್ ಪರೀಕ್ಷೆ ಹುಡುಗ ಇದನ್ನ ಓದತಿದ್ದರ, ನಾಳೆ ಸಂಜೀಕ 1985ರ ಪ್ರಶ್ನೆ ನೀನ ಕೇಳಪಾ.

ಬರೋ ಮಂಗಳವಾರ ನಾನು ಮುಂಡಗೋಡಿಗೆ ಹೋಗತೀನಿ, ಮುಂಜಾನೆ ಒಂಬತ್ತಕ್ಕ. ಗಾಡಿ ಮ್ಯಾಲೆ ಹಿಂದಿನ ಸೀಟು ಖಾಲಿ ಐತಿ. ಗೊಬ್ಬರದ ಕೆಲಸ ಇದ್ದವರೂ ಬರಬಹುದು, ಏನು ಕೆಲಸ ಅಂತ ನಾ ಕೇಳಂಗಿಲ್ಲ.